ನಾನು ಒರೆಸಿದ ಗೆರೆ

ಹೋದ ವಾರ ನಮ್ಮ ಓಣಿಯ ಚರಂಡಿಗೆ ಯಾರೋ ಬ್ಲೀಚಿಂಗ್ ಪೌಡರ್ ಚೆಲ್ಲಿ ಹೋದರು. ಕಿಟಕಿ ಮುಚ್ಚಿದರೂ ಘಾಟು ಒಳಗೆ ಬಂತು. ಹೆಂಡತಿ ಮೂಗಿಗೆ ಸೆರಗು ಹಿಡಿದು ಅಡುಗೆಮನೆಗೆ ಹೋದಳು. ನಾನು ಕೂತಲ್ಲೇ ಕೂತಿದ್ದೆ. ಆ ವಾಸನೆ ಬಂದಾಗಲೆಲ್ಲ ನನಗೆ ಅಕ್ಕ ನೆನಪಾಗುತ್ತಾರೆ...

ಅವರು ನನ್ನ ಒಡಹುಟ್ಟಿದವರಲ್ಲ. ನಮ್ಮೂರ ಕೇರಿಯವರು, ನನಗಿಂತ ಎರಡು ವರ್ಷ ದೊಡ್ಡವರು. ಬಸವಕಲ್ಯಾಣದಿಂದ ಒಂದು ತಾಸಿನ ದಾರಿಯ ಸಣ್ಣ ಹಳ್ಳಿ ನಮ್ಮದು. ಅವರ ತಾಯಿ ನಮ್ಮ ಮನೆಯ ಸಗಣಿ ಬಾಚುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು. ಬರುವುದು ಹೋಗುವುದು ಎಲ್ಲ ಹಿತ್ತಲ ಬಾಗಿಲಿನಿಂದ. ಮಗಳನ್ನು ನಾನು ಅಕ್ಕ ಎಂದು ಕರೆಯುತ್ತಿದ್ದುದು ಹುಮನಾಬಾದಿನಲ್ಲಿ ಮಾತ್ರ. ಊರಲ್ಲಿ ಎದುರಾದರೆ ತಲೆ ಆಡಿಸಿ ಮುಂದೆ ಹೋಗುತ್ತಿದ್ದೆ. ಬಸವಕಲ್ಯಾಣದ ನೆಲದವರು ನಾವು. ಜಾತಿಯಿಲ್ಲ ಎಂದು ಭಾಷಣ ಮಾಡುವುದನ್ನು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಗಣಿತದಲ್ಲಿ ಓದು ಮುಗಿಸಿ, ಸರಿಯಾದ ಕೆಲಸ ಸಿಗದೆ ಅಲೆಯುತ್ತಿದ್ದ ಆರು ಜನ ಪ್ರತಿ ಭಾನುವಾರ ಹುಮನಾಬಾದಿನ ಒಂದು ಟೈಪಿಂಗ್ ಕ್ಲಾಸಿನ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದೆವು. ಅಲ್ಲಿ ಒಂದು ಕರಿಹಲಗೆ, ಒಂದು ಹಳೆಯ ಕಂಪ್ಯೂಟರು ಇದ್ದವು. ಗುಲಬರ್ಗಾದಿಂದ ಯಾರೋ ತಂದ ಝೆರಾಕ್ಸ್ ಹಾಳೆಗಳನ್ನು ಹಂಚಿಕೊಂಡು ಓದುತ್ತಿದ್ದೆವು. ಸಂತೆಯಲ್ಲಿ ದರ ಹೇಗೆ ಏರುತ್ತದೆ, ಸುದ್ದಿ ಹೇಗೆ ಹಬ್ಬುತ್ತದೆ, ಒಬ್ಬೊಬ್ಬರೂ ತಮ್ಮಷ್ಟಕ್ಕೆ ಮಾಡುವ ಸಣ್ಣ ಕೆಲಸಗಳೆಲ್ಲ ಕೂಡಿ ಊರಿಗೆ ಊರೇ ಹೇಗೆ ನಡೆಯುತ್ತದೆ, ಇಂಥವನ್ನು ಲೆಕ್ಕದಲ್ಲಿ ಹಿಡಿಯುವ ಹುಚ್ಚು ನಮಗೆ. ಕರೆಂಟು ಹೋದರೆ ಹುಣಸೆ ಬೀಜ, ದಾಳ ಹಿಡಿದು ನೆಲದ ಮೇಲೆ ಅದೇ ಲೆಕ್ಕ ಮಾಡುತ್ತಿದ್ದೆವು. ಕರೆಂಟು ಹೋಗುವುದೇ ಹೆಚ್ಚಾಗಿದ್ದರಿಂದ ನಾವು ಕಲಿತದ್ದೆಲ್ಲ ಹುಣಸೆ ಬೀಜದಲ್ಲೇ.

ನಮಗೆ ಮಾಸ್ತರರು ಅಂತ ಯಾರೂ ಇರಲಿಲ್ಲ. ಅದಕ್ಕೆ ಅಕ್ಕ ಒಂದು ನೇಮ ಮಾಡಿದ್ದರು. ಈ ಭಾನುವಾರ ಯಾರ ಲೆಕ್ಕ ತಪ್ಪಿತೋ ಮುಂದಿನ ಭಾನುವಾರ ಅವರೇ ಎದ್ದು ನಿಂತು, ಆ ತಪ್ಪನ್ನು ಹಲಗೆಯ ಮೇಲೆ ಬರೆದು, ಅದರಿಂದಲೇ ಪಾಠ ಶುರುಮಾಡಬೇಕು. ಮೊದಮೊದಲು ಮುಖ ಕೆಂಪಾಗುತ್ತಿತ್ತು. ಆಮೇಲೆ ರೂಢಿಯಾಯಿತು. ನನಗೆ ಅತಿ ಹೆಚ್ಚು ಸಲ ಪಾಳಿ ಬರುತ್ತಿತ್ತು. ಅಕ್ಕನಿಗೆ ವರ್ಷದಲ್ಲಿ ಎರಡು ಸಲ ಬಂದಿದ್ದರೆ ಹೆಚ್ಚು. ಅರ್ಧ ತುಂಬಿದ ಕೊಡ ತುಳುಕುವುದು ಹೆಚ್ಚು ಎಂದು ಗೆಳೆಯರು ನನ್ನನ್ನು ಛೇಡಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ, ಪುಸ್ತಕದ ಲೆಕ್ಕ ಸಾಕು, ನಿಜವಾದ ಒಂದು ಊರು ಹಿಡಿಯೋಣ ಎಂದಾಯಿತು. ಒಂದು ಮನೆಯಲ್ಲಿ ವಾಂತಿಭೇದಿ ಶುರುವಾದರೆ ಅದು ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದು ಪ್ರಶ್ನೆ. ಮನೆಗೊಂದು ಸೊನ್ನೆ, ಹೋಗಿಬರುವ ಮನೆಗಳ ನಡುವೆ ಒಂದೊಂದು ಗೆರೆ. ಬೀಜವೆಂದರೆ ರೋಗ, ದಾಳ ಬಿದ್ದಂತೆ ಅದು ಗೆರೆ ಹಿಡಿದು ಮುಂದಿನ ಮನೆಗೆ ಹೋಗುತ್ತದೆ. ಅಕ್ಕನೂ ನಾನೂ ಒಂದೇ ಊರಿನವರಾದ್ದರಿಂದ ನಕ್ಷೆ ಬರೆಯುವ ಕೆಲಸ ನಮ್ಮಿಬ್ಬರಿಗೆ ಬಿತ್ತು. ಆ ಭಾನುವಾರ ಉಳಿದವರು ಬರುವ ಮೊದಲೇ ನಾವಿಬ್ಬರೂ ಬಂದು ಹಲಗೆಯ ಮುಂದೆ ನಿಂತೆವು. ಊರಿನ ಮನೆಗಳನ್ನು ನಾನು ಬರೆದೆ, ಕೇರಿಯವನ್ನು ಅವರು ಬರೆದರು. ಬರೆದು ಮುಗಿಸಿ ಅವರು ತಮ್ಮ ಮನೆಯಿಂದ ನಮ್ಮ ಮನೆಗೆ ಒಂದು ಗೆರೆ ಎಳೆದರು. ಊರನ್ನೂ ಕೇರಿಯನ್ನೂ ಕೂಡಿಸುವ ಗೆರೆ ಅದೊಂದೇ.

"ನಮ್ಮವ್ವ ದಿನಾ ಬರ್ತಾಳಲ್ರಿ ನಿಮ್ಮ ಮನಿಗೆ," ಎಂದರು.

"ಹಿತ್ತಲಕ್ಕ ಬರ್ತಾರ ಅಕ್ಕಾ, ಒಳಗ ಬರಂಗಿಲ್ಲಲ್ಲ. ಅದನ್ನ ಹಿಡಿಯೂದು ಬ್ಯಾಡ್ರಿ," ಎಂದೆ. ಎಂದು ಅಂಗೈಯಿಂದ ಗೆರೆಯನ್ನು ಒರೆಸಿದೆ.

ಯಾಕೆ ಒರೆಸಿದೆ? ಲೆಕ್ಕಕ್ಕಾಗಿ ಅಲ್ಲವೇ ಅಲ್ಲ. ಆ ಗೆರೆ ಇದ್ದರೆ ಉಳಿದ ನಾಲ್ವರು ಅದೇನೆಂದು ಕೇಳುತ್ತಿದ್ದರು, ಅಕ್ಕನ ತಾಯಿ ನಮ್ಮ ಮನೆಯ ಸಗಣಿ ಬಾಚುತ್ತಾರೆಂದು ನಾನು ಅವರ ಮುಂದೆ ಹೇಳಬೇಕಾಗುತ್ತಿತ್ತು. ನನಗೆ ನಾಚಿಕೆಯಾಯಿತು. ಬಾಚಿಸಿಕೊಳ್ಳುವುದಕ್ಕೆ ಇಲ್ಲದ ನಾಚಿಕೆ ಬರೆಯುವುದಕ್ಕೆ ಬಂತು. ಅಕ್ಕ ನನ್ನ ಬಿಳಿಯಾದ ಅಂಗೈಯನ್ನು ನೋಡಿದರು, ಚಾಕ್‌ಪೀಸು ಕೆಳಗಿಟ್ಟರು. ಅಂದು ನಕ್ಷೆಯನ್ನು ನೆಲದ ಮೇಲೆ ಇಳಿಸಿ ಲೆಕ್ಕ ಮಾಡಿದಾಗ ಬೀಜ ಊರೆಲ್ಲ ತಿರುಗಿದವು, ಕೇರಿಗೆ ಒಂದೂ ದಾಟಲಿಲ್ಲ. ಎಷ್ಟು ಚೊಕ್ಕ ಬಂತು ನೋಡು ಎಂದು ಗೆಳೆಯರು ಖುಷಿಪಟ್ಟರು. ನಕ್ಷೆಯನ್ನು ನನ್ನ ನೋಟ್‌ಬುಕ್ಕಿಗೆ ಇಳಿಸಿಕೊಂಡು, ಕೆಳಗೆ ಇಬ್ಬರ ಹೆಸರನ್ನೂ ಬರೆದೆ.

ಮಳೆ ಶುರುವಾದ ಮೇಲೆ ನಮ್ಮ ಕಾಕಾ ಯಾವುದೋ ಮದುವೆ ಊಟ ಮಾಡಿ ಬಂದವರು ವಾಂತಿಭೇದಿ ಹಿಡಿದು ಮಲಗಿದರು. ಮರುದಿನಕ್ಕೆ ಮನೆಯಲ್ಲಿ ಮೂವರಾದರು. ಹೊಲಸಾದ ಹಾಸಿಗೆ ಬಟ್ಟೆಗಳನ್ನು ನಮ್ಮವ್ವ ಕೋಲಿನಿಂದ ಎತ್ತಿ ಹಿತ್ತಲಿಗೆ ಎಸೆಯುತ್ತಿದ್ದಳು. ಅಕ್ಕನ ತಾಯಿ ಅವನ್ನು ಕೈಯಿಂದ ಎತ್ತಿಕೊಂಡು ಒಗೆಯುತ್ತಿದ್ದರು. ಎರಡು ದಿನ ಒಗೆದರು. ನಾನು ಪಡಸಾಲೆಯಲ್ಲಿ ಕೂತು ಅದನ್ನು ನೋಡುತ್ತಿದ್ದೆ.

ಆರೋಗ್ಯ ಕೇಂದ್ರದ ನರ್ಸಬಾಯಿ ಬಂದಾಗ ಅವರ ಹತ್ತಿರ ಒಂದು ಚೀಲ ಬ್ಲೀಚಿಂಗ್ ಪೌಡರ್, ಒಂದಿಷ್ಟು ಓಆರ್‌ಎಸ್ ಪಾಕೀಟು, ಗುಳಿಗೆ ಇದ್ದವು. ಎಲ್ಲರಿಗೂ ಸಾಲುವಂತಿರಲಿಲ್ಲ. ನಿಮ್ಮ ಮನೆಗೆ ಯಾರ್ಯಾರು ಹೋಗಿಬರುತ್ತಾರೆ, ಅವರಿಗೆ ಮೊದಲು ಕೊಡುತ್ತೇನೆ ಎಂದು ಕೇಳಿದರು. ಕಲಿತವನಲ್ಲವೇ ನಾನು! ನೋಟ್‌ಬುಕ್ ತೆಗೆದು ತೋರಿಸಿದೆ. ನಮ್ಮ ಮನೆಯಿಂದ ಗೆರೆ ಹೋದ ಒಂಬತ್ತು ಮನೆಗಳಿಗೆ ಔಷಧ ಹೋಯಿತು, ಪೌಡರೂ ಹೋಯಿತು. ನರ್ಸಬಾಯಿ ನನ್ನನ್ನು ಹೊಗಳಿದರು. ಹಿತ್ತಲಲ್ಲಿ ಒಗೆಯುವ ಸದ್ದು ಕೇಳಿಸುತ್ತಿತ್ತು. ಕೇರಿಗೆ ಮುಂದಿನ ಸರದಿ ಎಂದಾಯಿತು.

ಆ ಸರದಿ ಬರುವ ಮೊದಲೇ ಅಕ್ಕನ ತಾಯಿ ಮಲಗಿದರು. ಮಲಗಿದ್ದು ನಸುಕಿನಲ್ಲಿ, ನಮಗೆ ಗೊತ್ತಾದದ್ದು ದನದ ಮನೆ ಬಾಚಲು ಯಾರೂ ಬರಲಿಲ್ಲ ಎಂದು. ಮಧ್ಯಾಹ್ನ ಮೂರುಗಾಲಿಯ ಟಂಟಂನಲ್ಲಿ ಹಾಕಿಕೊಂಡು ಬಸವಕಲ್ಯಾಣದ ದವಾಖಾನೆಗೆ ಹೊರಟರು. ಅಕ್ಕ ಆಗ ಬಸವಕಲ್ಯಾಣದ ಒಂದು ಶಾಲೆಯಲ್ಲಿ ಪಾಠ ಹೇಳಿಕೊಂಡು ಅಲ್ಲೇ ಕೋಣೆ ಹಿಡಿದಿದ್ದರು. ಸುದ್ದಿ ತಿಳಿದು ದವಾಖಾನೆಯ ಬಾಗಿಲಲ್ಲಿ ಕಾಯುತ್ತಿದ್ದರಂತೆ. ಟಂಟಂ ಬಂತು, ತಾಯಿ ದಾರಿಯಲ್ಲೇ ಹೋಗಿಬಿಟ್ಟಿದ್ದರು... ನಮ್ಮ ಮನೆಯ ಮೂವರೂ ಉಳಿದರು.

ಒಂದು ತಿಂಗಳು ಬಿಟ್ಟು ಮತ್ತೆ ಸೇರಿದೆವು. ಅಕ್ಕ ಬರುವುದಿಲ್ಲ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಬರದಿದ್ದರೆ ಸಾಕು ಎಂದುಕೊಂಡಿದ್ದೆ. ಬಂದರು. ಅದೇ ನಕ್ಷೆಯನ್ನು ನೆನಪಿನಿಂದ ನೆಲದ ಮೇಲೆ ಬರೆದರು, ನಾನು ಒರೆಸಿದ ಗೆರೆಯನ್ನು ಎಳೆದರು. ನಮ್ಮ ಮನೆಯ ಸೊನ್ನೆಯಲ್ಲಿ ಬೀಜ ಇಟ್ಟು ದಾಳ ಹಾಕಿದರು. ಎರಡನೆಯ ಸಲಕ್ಕೇ ಬೀಜ ಕೇರಿಗೆ ದಾಟಿತು. ಬಸವಕಲ್ಯಾಣದ ಗೆಳೆಯನೊಬ್ಬ ತಡೆಯಲಾರದೆ, ಸ್ವಂತ ತಾಯಿಯ ಗೆರೆಯನ್ನು ನೀವೇ ಹೇಗೆ ಬಿಟ್ಟಿರಿ ಎಂದು ಕೇಳಿದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಪಾಪ. ಅವನಿಗೆ ಗೊತ್ತಿರಲಿಲ್ಲ.

ಅಕ್ಕ ನನ್ನ ಕಡೆ ನೋಡಿದರು. ಕಾದರು. ನೇಮದ ಪ್ರಕಾರ ಎದ್ದು ನಿಲ್ಲಬೇಕಾದವನು ನಾನು. ಕಾಲಲ್ಲಿ ಬಲವಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಬಲವಿತ್ತು, ಏಳಲಿಲ್ಲ. ತಲೆ ತಗ್ಗಿಸಿ ನೆಲದ ಬೀಜಗಳನ್ನು ನೋಡಿದೆ.

"ನಂದ ತಪ್ಪು," ಎಂದರು ಅಕ್ಕ. "ಇನ್ನೊಮ್ಮೆ ಎಳಿಬೇಕಿತ್ತು."

ಅಂದಿನ ಪಾಠವನ್ನು ಅವರು ಪೂರ್ತಿ ಮಾಡಿದರು. ಆಮೇಲೆ ಬರಲಿಲ್ಲ. ಎರಡು ಸಾವಿರದ ಇಸವಿಯ ಹೊತ್ತಿಗೆ ಗುಂಪೂ ಚದುರಿತು. ಅಕ್ಕನಿಗೆ ಹುಮನಾಬಾದಿನ ಕಡೆಯೇ ಹೈಸ್ಕೂಲಿನಲ್ಲಿ ಕೆಲಸವಾಯಿತು, ಮದುವೆಯಾಯಿತು. ನಾನು ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದೆ. ಪ್ರತಿ ವರ್ಷ ಮಕ್ಕಳಿಗೆ ಆ ನಕ್ಷೆಯನ್ನೇ ಬರೆದು, ಒಂದು ಗೆರೆ ಬಿಟ್ಟರೆ ಏನಾಗುತ್ತದೆ ನೋಡಿ ಎಂದು ಹೇಳುತ್ತಿದ್ದೆ. ಯಾರೋ ಬಿಟ್ಟರು ಎನ್ನುತ್ತಿದ್ದೆ. ಅಕ್ಕನ ಮನೆ ಎಲ್ಲಿದೆ ಎಂದು ಗೊತ್ತಿತ್ತು. ಬಸ್ಸು ಆ ರಸ್ತೆಯಲ್ಲೇ ಹೋಗುತ್ತಿತ್ತು. ಈ ಸಲ, ಮುಂದಿನ ಸಲ...

ಈ ವರ್ಷ ಅವರಿಗೆ ಹುಷಾರಿಲ್ಲ ಎಂದು ಯಾರೋ ಹೇಳಿದರು. ಆಗಲೂ ಪರೀಕ್ಷೆ ಮುಗಿಯಲಿ ಎಂದು ತಡಮಾಡಿದೆ. ಹೋದಾಗ ಬಾಗಿಲು ತೆಗೆದದ್ದು ಮಗಳು. ಒಳಗೆ ಗೋಡೆಯ ಮೇಲೆ ಅಕ್ಕನ ಫೋಟೋಕ್ಕೆ ಹಾರ ಹಾಕಿತ್ತು. ಹುಡುಗಿ ಕೂಡಿಸಿ ನೀರು ಕೊಟ್ಟಳು. ನಿಮ್ಮ ತಾಯಿಯ ಜೊತೆ ಹುಮನಾಬಾದಿನಲ್ಲಿ ಕಲಿತವನು ಎಂದು ಹೇಳಿದೆ. ಅವಳಿಗೆ ಆ ಕೋಣೆಯ ಸಂಗತಿಯೆಲ್ಲ ಗೊತ್ತಿತ್ತು.

"ಕಡೀತನಾ ಅದನ್ನ ಅಂತಿದ್ಲ್ರಿ ಅವ್ವ," ಎಂದಳು. "ನಮ್ಮವ್ವನ್ನ ನಾನ ಕೊಂದೆ, ಒಬ್ರು ಒರಿಸಿದ್ರಂತ ನಾ ಸುಮ್ಮ ಕೂಡಬಾರದಿತ್ತು ಅಂತ. ಯಾರು ಒರಿಸಿದ್ರು ಅಂತ ಕೇಳಿದ್ರ ಮಾತ್ರ ಹೇಳ್ತಿರ್ಲಿಲ್ಲ."

ನಾನು ಎದ್ದು ನಿಂತೆ. ಒರೆಸಿದವನು ನಾನು, ನಿಮ್ಮ ತಾಯಿಯದು ಏನೂ ತಪ್ಪಿರಲಿಲ್ಲ, ಆ ಸಾವು ನನ್ನ ತಲೆಯ ಮೇಲಿನದು ಎಂದು ಹೇಳಿದೆ. ಇಷ್ಟು ವರ್ಷ ಬಾಯಿಗೆ ಬಾರದ ಮಾತು ಒಂದೇ ಉಸಿರಿನಲ್ಲಿ ಮುಗಿಯಿತು.

ಹುಡುಗಿ ಬಯ್ಯಲಿಲ್ಲ, ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. "ಅವ್ವಗ ಹೇಳಬೇಕಿತ್ತಲ್ರಿ ಇದನ್ನ," ಎಂದಳು.

ಹೇಳಬೇಕಿತ್ತು. ನಾನು ಹೋದದ್ದು ಅಕ್ಕ ತೀರಿಕೊಂಡ ಹತ್ತೊಂಬತ್ತನೆಯ ದಿನ.