ಬಿಡದೆ ಓದುವ ಹಲಗೆ

ನಮ್ಮ ಮನೆಯ ತಲೆಬಾಗಿಲ ಪಕ್ಕದ ಗೋಡೆಯಲ್ಲಿ ಮೊಳೆಗೆ ತೂಗುಹಾಕಿದ ಒಂದು ಕನ್ನಡಿಯಿದೆ. ಅದರ ಅಂಚಿನ ಸುತ್ತ ನಮ್ಮ ಅತ್ತೆ ಹಣೆಯಿಂದ ತೆಗೆದು ಅಂಟಿಸಿದ ಬೊಟ್ಟುಗಳು. ಒಳಗೆ ಅಲ್ಲಲ್ಲಿ ರಸ ಕಳಚಿ, ಮುಖ ನೋಡಿಕೊಳ್ಳಲು ಉಳಿದಿರುವುದು ಅಂಗೈಯಷ್ಟು ಜಾಗ. ಅಷ್ಟು ಜಾಗದಲ್ಲೇ ಹಣೆಯನ್ನೊಮ್ಮೆ, ಗಲ್ಲವನ್ನೊಮ್ಮೆ ಕಂತುಗಳಲ್ಲಿ ನೋಡಿಕೊಳ್ಳದೆ ಅತ್ತೆ ಹೊಸ್ತಿಲು ದಾಟುವವರಲ್ಲ. ಕನ್ನಡಿಯಲ್ಲಿ ರಸ ಹೋಗಿದ್ದರೂ ನೋಡಿಕೊಳ್ಳುವವರಲ್ಲಿ ಇನ್ನೂ ಇದೆ ಎನ್ನಿ.

ಅತ್ತೆ ಅದನ್ನು ಕರೆಯುವುದು 'ಕಣ್ಣಾಡಿ' ಎಂದು. ತಮಿಳಿನ ಈ ಒಂದು ಮಾತಿನಲ್ಲಿ ಕನ್ನಡಿ, ಕನ್ನಡಕ, ಕಿಟಕಿಯ ಗಾಜು ಎಲ್ಲವೂ ಒಟ್ಟು ಕುಟುಂಬದಂತೆ ಬಾಳುತ್ತವೆ. ನಾನೋ ಮೈಸೂರು ಕಡೆಯವಳು. ಮುಖಕ್ಕೆ ಕನ್ನಡಿ, ಕಣ್ಣಿಗೆ ಕನ್ನಡಕ, ನಾಲಿಗೆಗೆ ಕನ್ನಡ ಎಂದು ಬೇರೆ ಬೇರೆ ಡಬ್ಬಿಗಳಲ್ಲಿ ತುಂಬಿಟ್ಟುಕೊಂಡು ತಮಿಳುನಾಡಿನ ಸಿರುಮುಗೈಯ ಈ ನೇಕಾರರ ಮನೆಗೆ ಸೊಸೆಯಾಗಿ ಬಂದವಳು. "ಕಣ್ಣಾಡಿ ತಾ ಕಣ್ಣು" ಎಂದರೆ ಗೋಡೆಯ ಕನ್ನಡಿಯನ್ನೇ ಮೊಳೆಯಿಂದ ಬಿಡಿಸಿ ತಂದುಕೊಡುತ್ತಿದ್ದೆ. ಸೂಜಿಗೆ ದಾರ ಪೋಣಿಸಲು ಕನ್ನಡಕಕ್ಕಾಗಿ ಕೈಚಾಚಿ ಕುಳಿತ ಅತ್ತೆ ನಿಟ್ಟುಸಿರು ಬಿಡುತ್ತಿದ್ದರು. ಇನ್ನು ಆ 'ಕಣ್ಣು' ಎಂಬುದು ಕಿರಿಯರನ್ನು ಅಕ್ಕರೆಯಿಂದ ಕರೆಯುವ ಈ ಸೀಮೆಯ ರೂಢಿ ಎಂದು ತಿಳಿಯುವವರೆಗೆ, ಅತ್ತೆಗೆ ಕಣ್ಣಿನ ತೊಂದರೆ ವಿಪರೀತವಿದೆ ಎಂದೇ ನಾನು ನಂಬಿದ್ದೆ.

ಈ ಮನೆಯಲ್ಲಿ ಎಷ್ಟೋ ತಲೆಮಾರುಗಳಿಂದ ಕನ್ನಡವಿದೆ, ಆದರೆ ಕನ್ನಡದ ಅಕ್ಷರವಿಲ್ಲ. ಓದುಬರಹ, ವ್ಯಾಪಾರ, ಬೀದಿಯ ಜಗಳ ತಮಿಳಿನಲ್ಲಿ. ಮಗ್ಗದ ಮುಂದಿನ ಮಾತು, ಮಗುವಿನ ಲಾಲಿ, ಮನೆಯೊಳಗಿನ ಜಗಳ ಕನ್ನಡದಲ್ಲಿ. ಹೀಗಿರುವಾಗ ಕನ್ನಡದಲ್ಲಿ ಪ್ರಬಂಧ ಬರೆಯುವ ಚಟದ ಸೊಸೆಯೊಬ್ಬಳು ಬಂದು ಸೇರಿದರೆ ಏನಾಗಬೇಕು, ನೀವೇ ಹೇಳಿ. ಪತ್ರಿಕೆ ಬಂದ ದಿನ ಅತ್ತೆ ನನ್ನ ಪುಟವನ್ನು ಸೀರೆಯ ಸೆರಗಿನಂತೆ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುವಿ, "ಇದ್ರಲ್ಲಿ ನಾನ್ ಎಲ್ಲಿದೀನಿ?" ಎಂದು ಕೇಳುತ್ತಿದ್ದರು. ನಾನು ಬೆರಳಿಟ್ಟು ತೋರಿಸುತ್ತಿದ್ದೆ. ಅಷ್ಟು ಸಾಲದು, ಓದಬೇಕು. ಓದಿದರೂ ಸಾಲದು.

"ನೀನ್ ನಡುವ್ಲೆ ಬುಟ್ಟು ಬುಟ್ಟು ಓದ್ತೀಯೆ ಕಣ್ಣು" ಎನ್ನುತ್ತಿದ್ದರು. "ಉಸ್ರು ತಕ್ಕೊಳೋ ಜಾಗ್ದಲ್ಲಿ ಏನೋ ಮುಳುಂಗಿಬುಡ್ತೀಯೆ." ನುಂಗಿಬಿಡುತ್ತೀಯ ಎಂದು.

ಮೊಣಕಾಲು ನೋವಿನಿಂದ ಈಗ ಗುಂಡಿಮಗ್ಗಕ್ಕೆ ಇಳಿಯದಿದ್ದರೂ, ಬಟ್ಟೆಯಲ್ಲಿ ಎಳೆ ತಪ್ಪಿದ್ದನ್ನು ಆಚೆ ಕೋಣೆಯಿಂದಲೇ ಕೇಳಿ ತಿಳಿಯುವವರು ಅವರು. ನನ್ನ ಓದಿನಲ್ಲಿ ತಪ್ಪಿದ ಎಳೆ ಗೊತ್ತಾಗದೆ ಇರುತ್ತದೆಯೇ?

ಇಂತಿರುವಾಗ ನನ್ನ ಯಜಮಾನರು ಊಟಕ್ಕೆ ಕುಳಿತು, ಈಗ ಅಗ್ಗದ ಟ್ಯಾಬ್ಲೆಟ್ಟುಗಳು ಬಂದಿವೆ, ಕನ್ನಡದ ಬರಹವನ್ನು ಅವೇ ಗಟ್ಟಿಯಾಗಿ ಓದುತ್ತವೆ ಎಂದು ಸುದ್ದಿ ಬಿತ್ತರಿಸಿದರು. ದಿನವೂ ಸಕ್ಕರೆ ಕಾಯಿಲೆಯ ಟ್ಯಾಬ್ಲೆಟ್ ನುಂಗುವ ಅತ್ತೆ, "ಅದು ಊಟಕ್ ಮುಂಚೆನೋ, ಆಮೇಲೋ?" ಎಂದು ನಗಿಸಿ, ನಗು ಮುಗಿಯುವ ಮೊದಲೇ ಕೊಂಡೇಬಿಡೋಣ ಎಂದು ತೀರ್ಪು ಕೊಟ್ಟರು: "ಒಂದು ವಾಂಗನ. ಅದು ಬುಡ್ದೆ ಓದ್ತದೆ. ಅದ್ಕೇನ್ ಭಯ?"

ಭಯವೆಲ್ಲ ನನಗೇ. ಅಂದಿನಿಂದ ನಾನು ಅಗ್ಗದ ಟ್ಯಾಬ್ಲೆಟ್ಟುಗಳ ಕುಂದುಕೊರತೆಗಳಲ್ಲಿ ಪಾಂಡಿತ್ಯ ಗಳಿಸಿದೆ. ನೆನಪಿನ ಶಕ್ತಿ ಕಡಿಮೆ, ಧ್ವನಿ ಡಬ್ಬಿಯೊಳಗಿಂದ ಬಂದಂತೆ, ಬೆರಳು ಮುಟ್ಟಿದ ಮೇಲೆ ಯೋಚಿಸಿ ತೆರೆದುಕೊಳ್ಳುವ ಸ್ವಭಾವ, ಕ್ಯಾಮೆರಾ ಇದ್ದೂ ಇಲ್ಲದಂತೆ. ಬೆಲೆ ಬಾಳುವುದಿಲ್ಲ ಅತ್ತೆ ಎಂದೆ. ಹೇಳಿದ ಮೇಲೆ ಆ ಮಾತೇ ನನ್ನನ್ನು ಹಿಡಿದುಕೊಂಡಿತು. ಬೆಲೆ ಕಟ್ಟುವುದು ಅಂಗಡಿಯಲ್ಲಿ, ಬಾಳುವುದು ಮನೆಯಲ್ಲಿ. ಬಾಳುವ ಮೊದಲೇ ಬಾಳುತ್ತದೋ ಇಲ್ಲವೋ ಎಂದು ಹೇಳುವ ಜಾಣತನ ಕನ್ನಡ ಭಾಷೆಗೆ ಬೇಕಿರಲಿಲ್ಲವೇನೋ. ಸೀರೆ ಕೊಳ್ಳಲು ಬಂದವರು ಹಣಕ್ಕೆ ತಕ್ಕ ಮಾಲೇ ಎಂದು ಕೇಳಿದರೆ ಅತ್ತೆ ಬಾಯಲ್ಲಿ ಉತ್ತರ ಕೊಡುವುದಿಲ್ಲ. ಎದ್ದು ಬಂದು ಸೀರೆಯನ್ನು ಅವರ ಹೆಗಲ ಮೇಲೆ ಹಾಕಿ, ಗೋಡೆಯ ಕನ್ನಡಿಯ ಮುಂದೆ ನಿಲ್ಲಿಸುತ್ತಾರೆ. ಆ ಅಂಗೈಯಗಲದ ಕನ್ನಡಿಯಲ್ಲಿ ಏನು ಕಾಣುತ್ತದೋ, ಬಂದವರು ಮಾತ್ರ ಬರಿಗೈಯಲ್ಲಿ ಹೋದದ್ದು ಕಡಿಮೆ.

ಕೊನೆಗೆ, ಕೊಳ್ಳುವುದಿಲ್ಲ, ಸುಮ್ಮನೆ ನೋಡಿ ಬರುವುದು ಎಂಬ ಒಪ್ಪಂದದ ಮೇಲೆ ಮೆಟ್ಟುಪಾಳ್ಯಂಗೆ ಬಸ್ಸು ಹತ್ತಿದೆವು. ಅಂಗಡಿಯಾತ ಹಣೆಯ ಮೇಲೆ ಕನ್ನಡಕ ಏರಿಸಿಕೊಂಡ ನಡುವಯಸ್ಸಿನವನು. ಅವನು ತೋರಿಸಿದ ಟ್ಯಾಬ್ಲೆಟ್ಟಿನಲ್ಲಿ ತಮಿಳಿನ ದನಿಯಿತ್ತು, ಕನ್ನಡದ್ದನ್ನು ಹೊಸದಾಗಿ ಹಾಕಬೇಕಿತ್ತು. ಹೊರಗೆ ಆಲೂಗಡ್ಡೆ ಮಂಡಿಯ ಲಾರಿಗಳು ಒಂದರ ಹಿಂದೊಂದು ಹಾರ್ನ್ ಮಾಡುತ್ತಿರುವಾಗ ಅತ್ತೆ ಅವನಿಗೆ ತಮಿಳಿನಲ್ಲಿ, "ತಂಬಿ, ಅದುಲ ಕನ್ನಡ ಪೋಡುಂಗ" ಎಂದರು. ಅದರಲ್ಲಿ ಕನ್ನಡ ಹಾಕಪ್ಪಾ ಎಂದು. ಅವನು ತಲೆಯಾಡಿಸಿದ. ನಾವು ಪಕ್ಕದಲ್ಲಿ ಟೀ ಕುಡಿದು ಬಂದೆವು.

"ಪೋಟ್ಟಾಚುಂಗಮ್ಮಾ" ಎಂದು ಅವನು ನಗುತ್ತ ಟ್ಯಾಬ್ಲೆಟ್ಟನ್ನು ಮುಂದಿಟ್ಟ. ಹಾಕಿಯಾಯಿತಂತೆ. ಪರದೆಯ ಮೇಲೆ ಒಂದು ಗುಳ್ಳೆಯೂ ಇಲ್ಲದಂತೆ ಹೊಸ ಗಾಜು ಅಂಟಿಸಿದ್ದ. ಅತ್ತೆ ಹೇಳಿದ್ದು ಕನ್ನಡ, ಲಾರಿಗಳ ನಡುವೆ ಅವನಿಗೆ ಕೇಳಿದ್ದು ಕಣ್ಣಾಡಿ.

ಗಾಜು ಕುಳಿತ ಮೇಲೆ ಅರ್ಧ ಕೊಂಡಂತೆಯೇ ಅಲ್ಲವೇ? ನಾನು ಅವನ ಮುಖ ನೋಡಿದೆ, ಅವನು ಅತ್ತೆಯ ಮುಖ ನೋಡಿದ. "ಪರವಾಯಿಲ್ಲಮ್ಮಾ, ಬೇಡ ಅಂದರೆ ಬಿಟ್ಟುಹೋಗಿ" ಎಂದು ತಮಿಳಿನಲ್ಲೇ ಹೇಳಿ, ತನಗೂ ನಗು ತಡೆಯದೆ, ಈ ಸಲ ನಿಜವಾದ ಕನ್ನಡವನ್ನೇ ಹಾಕಿಕೊಟ್ಟ. ನಾನು ನನ್ನ ಹಳೆಯದೊಂದು ಪ್ರಬಂಧವನ್ನು ತೆರೆದೆ. ಬೇರೆ ಯಾವುದನ್ನಾದರೂ ತೆರೆಯಬಹುದಿತ್ತು. ಅತ್ತೆ ಪಕ್ಕದಲ್ಲೇ ನಿಂತು, "ನಾನ್ ಇರೋದು ತೆಗಿ" ಎಂದರು.

ಯಂತ್ರ ಓದಲು ತೊಡಗಿತು. ನನ್ನ 'ಅಪರಾಹ್ಣದ ಸೌಮ್ಯ ಕಿರಣಗಳು' ಅದರ ಬಾಯಲ್ಲಿ ಸಾಲಾಗಿ ನಿಂತು ಹಾಜರಿ ಹೇಳಿದವು. ಅತ್ತೆ ಹುಬ್ಬು ಗಂಟಿಕ್ಕಿದರು. "ಇದ್ಯಾವೂರ್ ಕನ್ನಡ? ಕೋವದಲ್ಲಿ ಮಾತಾಡ್ದಂಗೆ ಅದೆ." ಕೋವ ಎಂದರೆ ಕೋಪ. ನನಗೆ ಒಳಗೊಳಗೇ ಸಮಾಧಾನ, ಜೊತೆಗೆ ಒಂದಿಷ್ಟು ಸಂಕಟ. ನಾನು ಇಷ್ಟಪಟ್ಟು ಕೂಡಿಸಿದ ವಾಕ್ಯಗಳು, ಅವರ ಮನೆಯಲ್ಲೇ ಕುಳಿತು ಬರೆದವು, ಅವರ ಕಿವಿಯ ಹೊರಗೇ ನಿಂತಿದ್ದವು. ಕೊಳ್ಳದಿರಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿರಲಿಲ್ಲ. ಅದನ್ನು ನಿಲ್ಲಿಸಲು ಬೆರಳು ಒತ್ತಿದೆ. ನಾನು ಹೇಳಿದ್ದೆನಲ್ಲ, ಮುಟ್ಟಿದ ಮೇಲೆ ಅದು ಯೋಚಿಸುತ್ತದೆ. ಯೋಚಿಸುತ್ತಲೇ ಮುಂದೆ ಓದಿತು:

"ನಿಮ್ಮ ಮಾತು ನನಗೆ ಅರ್ಥವಾಗುವುದಿಲ್ಲ ಎಂದು, ಬಂದ ಹೊಸತರಲ್ಲಿ ನಾನು ಹೇಳಿದೆ. ಅರ್ತ ಆಗ್ದಿದ್ರೆ ಪರವಾಯಿಲ್ಲ ಕಣ್ಣು, ಪಸಿ ಆದ್ರೆ ಹೇಳು ಎಂದರು. ಅಡುಗೆಮನೆಯ ಕದದ ಹಿಂದೆ ನಿಂತು ನಾನು ಅತ್ತೆ."

ಪಸಿ ಎಂದರೆ ಹಸಿವು. ಪ್ರತಿ ಸಲವೂ ನಾನು ಉಸಿರಿನ ಜೊತೆ ನುಂಗಿಬಿಡುತ್ತಿದ್ದ ಸಾಲುಗಳು ಇವೇ. ಅತ್ತೆಯ ಎದುರು ಅತ್ತೆ ಎಂದು ಹೇಳಲು ನನಗೆ ನಾಚಿಕೆ.

ಅತ್ತೆಯ ಮುಖ ಅರಳಿತು. "ಅದು ನಾನ್ ಹೇಳಿದ್ದು" ಎಂದು ಅಂಗಡಿಯಾತನಿಗೂ ತಮಿಳಿನಲ್ಲಿ ತಿಳಿಸಿದರು. ಮರುಕ್ಷಣ ಅನುಮಾನ. "ಅದೇನದು, ನಾನು ಅತ್ತೆ ಅಂತದೆ? ಕದದ್ ಹಿಂದೆ ನಾನ್ ಯಾವಾಗ್ ನಿಂತ್ಕೊಂಡೆ?"

"ನೀವಲ್ಲ ಅತ್ತೆ. ಅತ್ತದ್ದು. ಕಣ್ಣೀರು. ನಾನು."

ಲಾರಿಗಳು ಹಾರ್ನ್ ಮಾಡುತ್ತಲೇ ಇದ್ದವು. ಅತ್ತೆ ನನ್ನನ್ನು ಬಹಳ ಹೊತ್ತು ನೋಡಿದರು, ಎಷ್ಟೋ ವರ್ಷಗಳ ಹಿಂದಿನ ಆ ಕದವನ್ನು ಈಗ ತೆರೆದು ನೋಡುವವರ ಹಾಗೆ. ಆಮೇಲೆ ಮೆಲ್ಲಗೆ ಕೇಳಿದರು:

"ಯಾಕ್ ಕಣ್ಣು, ಪಸಿ ಆಗಿತ್ತಾ?"

ನನಗೆ ನಗು ಬಂತು, ಅದರ ಹಿಂದೆಯೇ ಇನ್ನೊಂದೂ ಬಂತು. ಅಷ್ಟರಲ್ಲಿ ಟ್ಯಾಬ್ಲೆಟ್ ಯೋಚನೆ ಮುಗಿಸಿ ಸುಮ್ಮನಾಗಿ, ಪರದೆ ಕಪ್ಪಾಯಿತು. ಅತ್ತೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಮುಖದೆದುರು ಹಿಡಿದರು. ಹಣೆ, ಗಲ್ಲ, ಕಿವಿಯೋಲೆ ಎಲ್ಲ ಒಂದೇ ಸಲಕ್ಕೆ ಕಂಡವು. ಓರೆಯಾಗಿದ್ದ ಬೊಟ್ಟನ್ನು ಸರಿಮಾಡಿಕೊಂಡು, "ವಾಂಗಿಬುಡು. ಕಣ್ಣಾಡಿ ಚೆನ್ನಾಗದೆ" ಎಂದರು.

ಈಗ ಅದು ಗೋಡೆಯ ಕನ್ನಡಿಯ ಕೆಳಗಿನ ಗೂಡಿನಲ್ಲಿ ಒರಗಿಕೊಂಡಿದೆ. ಅದರ ಅಂಚಿನಲ್ಲೂ ಆಗಲೇ ಎರಡು ಬೊಟ್ಟುಗಳು ಏರಿವೆ. "ಕಣ್ಣಾಡಿ ತಾ" ಎಂಬ ಕೂಗು ಬಂದರೆ ಕನ್ನಡಿಯೋ, ಕನ್ನಡಕವೋ, ಕನ್ನಡವೋ ತಿಳಿಯದೆ ನಾನು ಮತ್ತೆ ಹೊಸ ಸೊಸೆಯಾಗಿದ್ದೇನೆ. ಅದರ ನೆನಪಿನ ಶಕ್ತಿ ಕಡಿಮೆ ಎಂದು ದೂರಿದ್ದೆ. ಅತ್ತೆ ಅದರಲ್ಲಿ ಇಟ್ಟಿರುವುದು ಒಂದೇ ಪ್ರಬಂಧ, ಕೇಳುವುದು ಅದರ ಒಂದೇ ಕಡೆ. ಅಷ್ಟಕ್ಕೆ ಜಾಗ ಧಾರಾಳವಾಗಿದೆ.

ಇದನ್ನೂ ಅದು ನಾಳೆ ಬಿಡದೆ ಓದುತ್ತದೆ, ಸ್ನೇಹಿತರೇ. ಬರೆಯುತ್ತ ಬರೆಯುತ್ತ ಮಧ್ಯಾಹ್ನ ಜಾರಿದೆ, ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿದೆ. ನಿಮ್ಮೊಡನೆ ಮಾತು ಇಲ್ಲಿಗೆ ಸಾಕು. ಕೊನೆಯ ಸಾಲು ನಿಮಗಲ್ಲ.

ಅತ್ತೆ, ಪಸಿ ಆಗಿದೆ.