ತೋಳಿಗೆ ಕಾಚಂಪುಳಿ

ಮದುವೆಗೆ ಆಗ ಮೂರು ವಾರವಿತ್ತೋ ನಾಲ್ಕೋ, ಖಚಿತವಿಲ್ಲ. ದಿನಚರಿಯಲ್ಲಿ ಮೂರು ಎಂದು ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಅತ್ತೆಯ ಮಾತುಗಳನ್ನು ನಾನೇ ಸ್ವಲ್ಪ ಚೂಪು ಮಾಡಿರಲೂಬಹುದು. ತೋಳು ಉರಿದದ್ದು ಮಾತ್ರ ನಿಜ.

ಅತ್ತೆ ಎಂದರೆ ಅಪ್ಪನ ಅಕ್ಕ; ಅವರ ಮಗಳ ಮದುವೆ. ಕೆಲಸಕ್ಕೆಂದು ಅವರ ಮನೆಯಲ್ಲೇ ಇದ್ದೆ. ಮೂರ್ನಾಡಿನಲ್ಲಿ ಸ್ಲೀವ್‌ಲೆಸ್ ರವಿಕೆ ಹೊಲಿಸಿದ್ದೆ, ಜೀವನದಲ್ಲಿ ಮೊದಲ ಸಲ. ಹೈಸ್ಕೂಲಿನಿಂದಲೂ ನನ್ನ ತೋಳಿನ ಹಿಂಭಾಗದಲ್ಲಿ ರವೆ ಅಂಟಿದಂತೆ ಸಣ್ಣ ಗುಳ್ಳೆಗಳು. ನೋಯುವುದಿಲ್ಲ, ಹೋಗುವುದೂ ಇಲ್ಲ. ಹಾಕಿ ತೋರಿಸಿದರೆ ಅತ್ತೆ ರವಿಕೆಯನ್ನು ನೋಡಲೇ ಇಲ್ಲ.

“ಇದೆಂಥ, ಪುಕ್ಕ ಕಿತ್ತ ಕೋಳಿ ಹಾಂಗೆ! ನಿನ್ನ ಅವ್ವನ ಕಡೆಯದ್ದು. ನಮ್ಮ ಕಡೆ ಯಾರಿಗೂ ಇಲ್ಲೆ.”

ಮದ್ದೂ ಅವರಲ್ಲೇ ಇತ್ತು. ಹಂದಿಮಾಂಸಕ್ಕೆ ಹಾಕುವ ಕಪ್ಪು ಹುಳಿರಸ, ಕಾಚಂಪುಳಿ. ಅದನ್ನು ಕಾಫಿಪುಡಿಯಲ್ಲಿ ಕಲಸಿ ತೆಂಗಿನ ನಾರಿನಿಂದ ತಿಕ್ಕಿದರು.

“ಉರೀತದೆ ಅತ್ತೆ!”

“ಹಂದಿ ತೊಗಲೇ ಮೆತ್ತಗಾಗ್ತದೆ, ನಿಂದ್ ಯಾವ ಲೆಕ್ಕ?”

“ಹಂದಿ ಸತ್ತಿರ್ತದಲ್ಲ!”

ಎಂ.ಎ. ಓದಿದವಳು ನಾಲ್ಕು ದಿನ ಯಾಕೆ ತೋಳೊಡ್ಡಿ ಕೂತೆ, ಗೊತ್ತಿಲ್ಲ. ಐದನೆಯ ದಿನ ತೋಳು ಕೆಂಪಗೆ ಊದಿ, ಇಬ್ಬರೂ ಮಡಿಕೇರಿಗೆ ಚರ್ಮದ ಡಾಕ್ಟರ ಬಳಿ ಹೋದೆವು.

ಡಾಕ್ಟರು ಮೊದಲು ಮೂಸಿ ನೋಡಿದರು. ಆಮೇಲೆ ಹೇಳಿದರು: ಈ ಗುಳ್ಳೆ ಎಷ್ಟೋ ಜನರಿಗಿರುತ್ತದೆ, ಅಂಟುವುದಿಲ್ಲ, ಅಪಾಯವಿಲ್ಲ. ಕೂದಲಿನ ಬುಡದಲ್ಲಿ ಸತ್ತ ಚರ್ಮ ಕಟ್ಟಿಕೊಂಡು ಆಗುತ್ತದೆ. ತಿಕ್ಕಿದಷ್ಟೂ ಕೆಡುತ್ತದೆ. ಉರಿ ಇಳಿದ ಮೇಲೆ ಉಗುರುಬೆಚ್ಚಗಿನ ನೀರಿನ ಸ್ನಾನ ಮಾಡಿ, ಮೈ ಪಸೆ ಆರುವ ಮೊದಲೇ ಯೂರಿಯಾ ಇರುವ ಕ್ರೀಮು ಹಚ್ಚಬೇಕು. ನುಣುಪಾದೀತು, ಪೂರ್ತಿ ಹೋಗುವ ಭರವಸೆಯಿಲ್ಲ.

ಅತ್ತೆಯ ಮುಖ ಅರಳಿತು. “ಯೂರಿಯಾ? ನಮ್ಮ ಸ್ಟೋರಲ್ಲಿ ಎರಡು ಮೂಟೆ ಉಂಟಲ್ಲ!”

“ಅದು ಕಾಫಿಗಿಡಕ್ಕೇ ಇರಲಿ ಅಮ್ಮಾ,” ಎಂದರು ಡಾಕ್ಟರು. “ಇದು ಹೆಚ್ಚಾಗಿ ವಂಶದಲ್ಲೇ ಬರೋದು.”

“ಅವಳ ಅವ್ವನ ಕಡೆ,” ಎಂದರು ಅತ್ತೆ.

ಮದುವೆಯ ದಿನದ ಹೊತ್ತಿಗೆ ಕೆಂಪು ಇಳಿದಿತ್ತು, ಗುಳ್ಳೆಗಳು ಅರ್ಧ ಉಳಿದಿದ್ದವು. ಬೆಳಿಗ್ಗೆ ಸ್ನಾನ ಮಾಡಿ ನೋಡಿದರೆ, ಎರಡು ತಿಂಗಳು ಬರಬೇಕಿದ್ದ ಕ್ರೀಮಿನ ಟ್ಯೂಬು ಬುಡದಿಂದ ತುದಿಯವರೆಗೆ ಹಿಂಡಿ ಖಾಲಿ. ಇದ್ದ ಹಾಗೇ ಇರಲಿ ಎಂದು ರವಿಕೆ ತೊಟ್ಟು ಹೊರಬಂದೆ. ಜಗಲಿಯಲ್ಲಿ ಅತ್ತೆ ತಮ್ಮ ಉದ್ದ ತೋಳಿನ ರವಿಕೆಯನ್ನು ಮಣಿಕಟ್ಟಿನವರೆಗೆ ಎಳೆದುಕೊಳ್ಳುತ್ತಿದ್ದರು. ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ.

“ಅತ್ತೆ, ನಿಮ್ದು ಎಷ್ಟು ನುಣುಪಾಯ್ತು?”