ಬ್ರೇಕಿಗೆ ಹೆಬ್ಬೆರಳಿನ ಅಳತೆ

ಜೂನ್ ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಆರೂ ಮುಕ್ಕಾಲು. ಸ್ಥಳ, ಮೂಡಿಗೆರೆಯಲ್ಲಿ ನಮ್ಮ ಮನೆಯ ಅಂಗಳ. ಹಾಜರಿದ್ದವರು ನಾನು, ನಮ್ಮ ಯಜಮಾನರು, ನನ್ನ ತಂಗಿಯ ಮಗಳು ಸುಧಾ ಮತ್ತು ಅವಳು ಮೊನ್ನೆ ಕೊಂಡ ಸೆಕೆಂಡ್ ಹ್ಯಾಂಡ್ ಬೈಕು. ಹೀಗೆ ದಿನ, ಹೊತ್ತು, ಹಾಜರಿ ಬರೆದು ಶುರು ಮಾಡುವುದು ಮೂವತ್ತು ವರ್ಷ ಹೆರಿಗೆ ರಿಜಿಸ್ಟರ್ ಬರೆದ ನರ್ಸಿನ ಅಭ್ಯಾಸ. ನಿಮಗೆ ಬೇಸರವಾದರೆ ಕ್ಷಮಿಸಿ. ಹಾಗೆ ಬರೆಯದಿದ್ದರೆ ನನಗೆ ಕೈ ತೊಳೆಯದೆ ಊಟಕ್ಕೆ ಕೂತಂತಾಗುತ್ತದೆ.

ಸುಧಾಳಿಗೆ ಕಾಫಿ ತೋಟಗಳಿಗೆ ಹೋಗಿ, ಗಿಡಕ್ಕೆ ಬಿದ್ದ ಬೋರರ್ ಹುಳ ನೋಡಿ ಸಲಹೆ ಹೇಳುವ ಕೆಲಸ ಸಿಕ್ಕಿದೆ. ಅವತ್ತು ಕಳಸದ ಕಡೆಗೆ ಮೊದಲ ದಿನ. ಸ್ಕೂಟರಿನ ಚಿಕ್ಕ ಚಕ್ರ ತೋಟದ ರಸ್ತೆ ಹತ್ತುವುದಿಲ್ಲವೆಂದು ಗೇರಿನ ಬೈಕನ್ನೇ ಕೊಂಡಿದ್ದಾಳೆ. ಅಷ್ಟರ ಮಟ್ಟಿಗೆ ಬುದ್ಧಿವಂತೆ. ಆಮೇಲಿನದು ಕೇಳಿ.

"ದೊಡ್ಡಮ್ಮ, ಬರ್ತೀನಿ" ಎಂದು ಕಿಕ್ ಹೊಡೆಯಲು ಕಾಲೆತ್ತಿದಳು.

"ಏನೇನು ನೋಡಿದೆ?"

"ಏನು ನೋಡೋದು? ಪೆಟ್ರೋಲಿದೆ. ಸ್ಟಾರ್ಟ್ ಆಗುತ್ತೆ."

ಮನುಷ್ಯರು ಉಸಿರಾಡುತ್ತಿದ್ದರೆ ಆರೋಗ್ಯವಾಗಿದ್ದಾರೆ ಎಂದಂತಾಯಿತು ಇದು. ಇಳಿ ಕೆಳಗೆ ಎಂದೆ. ಒಳಗೆ ಹೋಗಿ ಮಂಚದ ಕೆಳಗಿಂದ ಬಿಳಿ ಎನಾಮಲ್ ಟ್ರೇ ಎಳೆದೆ. ಆಸ್ಪತ್ರೆಯಲ್ಲಿ ಕತ್ತರಿ, ಹತ್ತಿ ಇಡುತ್ತಾರಲ್ಲ, ಗೇರುಬೀಜದ ಆಕಾರದ್ದು, ಅಂಥದು. ಅಂಚು ಕಿತ್ತುಹೋಗಿ ಆಸ್ಪತ್ರೆ ಬಿಸಾಡಿದ ಮೇಲೆ ನನ್ನ ಬಳಿಗೆ ಬಂದಿತ್ತು. ಅದರಲ್ಲಿ ಪ್ಲಗ್ ಬಿಚ್ಚುವ ಸ್ಪ್ಯಾನರ್, ಇನ್ನೆರಡು ಸ್ಪ್ಯಾನರ್, ಉಜ್ಜುವ ಕಾಗದ, ಒಂದು ತುಂಡು ತಂತಿ. ಮೇಲೆ ಹೊದಿಸಿದ್ದ ಬಟ್ಟೆ ತೆಗೆದದ್ದೇ ತಡ, ಆಯಿಲ್ ಬೆರೆಸಿದ ಪೆಟ್ರೋಲಿನ ಹಳೆಯ ವಾಸನೆ ಮೂಗಿಗೆ ಹೊಡೆಯಿತು. ಹದಿನೈದು ವರ್ಷದ ಹಿಂದಿನ ಸಿಟ್ಟೂ ಅದರ ಜೊತೆಗೇ ಬಂತು.

ಆಗ ನಮ್ಮ ಯಜಮಾನರು ಜಾವಳಿ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಹಾಕಿದರೆ ಸಂಜೆವರೆಗೆ ತೋಟ ಸುತ್ತುವುದು. ನನಗೆ ಸುತ್ತಲಿನ ಹಳ್ಳಿ, ಎಸ್ಟೇಟ್ ಲೈನುಗಳ, ಅಂದರೆ ತೋಟದಾಳುಗಳ ಸಾಲುಮನೆಗಳ, ಬಾಣಂತಿಯರು, ಮಕ್ಕಳು. ಇಬ್ಬರ ನಡುವೆ ಕೆಂಪು ಟ್ಯಾಂಕಿನ ಒಂದು ಟೂ-ಸ್ಟ್ರೋಕ್ ಬೈಕು. ಓಡಿಸುವವರು ಅವರು, ಹಿಂದೆ ಕೂತು ಜೀವ ಕೈಯಲ್ಲಿ ಹಿಡಿದುಕೊಳ್ಳುವವಳು ನಾನು.

ಅವರು ಬೈಕು ಇಟ್ಟುಕೊಂಡಿದ್ದ ರೀತಿ ಹೇಳಿದರೆ ನೀವು ನಂಬುವುದಿಲ್ಲ. ಪೆಟ್ರೋಲಿನ ನಲ್ಲಿ ಯಾವಾಗಲೂ ರಿಸರ್ವಿನಲ್ಲಿ. ರಿಸರ್ವ್ ಇರುವುದು ಆಪತ್ತಿಗೆ ಎಂದು ನಾನು ಹೇಳಿದರೆ, "ಟ್ಯಾಂಕಲ್ಲಿರೋದೆಲ್ಲ ನಮ್ಮದೇ ಅಲ್ವಾ ಮಾರಾಯ್ತಿ, ಅದರಲ್ಲಿ ಸ್ವಲ್ಪ ನಮ್ಮಿಂದಲೇ ಯಾಕೆ ಬಚ್ಚಿಡಬೇಕು?" ಎನ್ನುತ್ತಿದ್ದರು. ಕನ್ನಡಿಗಳೆರಡೂ ಕಾಫಿ ಗಿಡದ ರೆಂಬೆಗೆ ಸಿಕ್ಕುತ್ತವೆಂದು ಬಿಚ್ಚಿ, ಪೇಪರಿನಲ್ಲಿ ಸುತ್ತಿ, ಬೀರುವಿನ ಮೇಲೆ. ಒಂದು ಗೀರೂ ಬೀಳದೆ ಈಗಲೂ ಅಲ್ಲೇ ಇವೆ. ಮಳೆಗಾಲದಲ್ಲಿ ಕೆಸರಿನಲ್ಲಿ ಜಾರಬಾರದೆಂದು ಟಯರಿನ ಗಾಳಿ ಸ್ವಲ್ಪ ಬಿಡುವುದು. ಡಾಂಬರು ರಸ್ತೆಗೆ ಬಂದ ಮೇಲೆ ತುಂಬಿಸುವುದು ಮರೆಯುವುದು. ಹೆಲ್ಮೆಟ್ಟು ತಲೆಯ ಮೇಲಿದ್ದದ್ದನ್ನು ನಾನು ಕಂಡದ್ದು ಕಡಿಮೆ. ತೋಟದಿಂದ ಅಣಬೆ ತರಲು ಅದರಷ್ಟು ಒಳ್ಳೆಯ ಪಾತ್ರೆ ಇಲ್ಲವಂತೆ. ಇನ್ನು ಸರ್ವೀಸು? ಆಯುಧಪೂಜೆಯ ದಿನ ನೀರು ಹೊಯ್ದು, ಸೇವಂತಿಗೆ ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದರೆ ಮುಗಿಯಿತು. ಆ ನಿಂಬೆಹಣ್ಣು ವರ್ಷಪೂರ್ತಿ ಬ್ರೇಕು, ಚೈನು, ದೀಪ ಎಲ್ಲವನ್ನೂ ನೋಡಿಕೊಳ್ಳಬೇಕು.

ನಾನು ಕಲಿತ ಶಾಲೆಯೇ ಬೇರೆ. ನಮ್ಮ ಮೇಟ್ರನ್ ತೆಳ್ಳಗಿನ ಹೆಂಗಸು, ದನಿ ಎತ್ತಿದವರಲ್ಲ. ಕತ್ತರಿ, ಚಿಮಟ, ಹತ್ತಿಯುಂಡೆ ಎಲ್ಲವನ್ನೂ ಕೆಲಸಕ್ಕೆ ಮೊದಲು ಎಣಿಸಬೇಕು, ಆದ ಮೇಲೂ ಎಣಿಸಬೇಕು. ಒಂದು ಸಲ ನಾನು "ಎಲ್ಲ ಸರಿ ಇದೆ ಮೇಡಂ" ಎಂದಾಗ, "ಸರಿ ಇದೆ ಅನ್ನೋದು ಸಂಖ್ಯೆ ಅಲ್ಲ" ಎಂದು ಮತ್ತೆ ಎಣಿಸಲು ನಿಲ್ಲಿಸಿದ್ದರು. ಅಂಥವರ ಕೈಕೆಳಗೆ ಪಳಗಿದವಳು ಈ ನಿಂಬೆಹಣ್ಣಿನ ಆಡಳಿತವನ್ನು ಎಷ್ಟು ದಿನ ಸಹಿಸಲಿ?

ಮೂಡಿಗೆರೆಯಲ್ಲಿ ಬಸ್ ಸ್ಟ್ಯಾಂಡಿನ ಪಕ್ಕ ಹಮೀದ್ ಸಾಬರ ಬೈಕ್ ರಿಪೇರಿ ಅಂಗಡಿ ಇತ್ತು. ಒಂದು ದಿನ ಪುಸ್ತಕ, ಪೆನ್ನು ಹಿಡಿದು ಹೋಗಿ ಕೂತೆ. ಅವರು ಒಂದೊಂದೇ ತೋರಿಸಿದರು, ನಾನು ಬರೆದುಕೊಂಡೆ. ಟಯರು ಹೆಬ್ಬೆರಳಲ್ಲಿ ಒತ್ತಿ ನೋಡಬೇಕು. ಚೈನು ಎರಡು ಬೆರಳು ಜೋಲಬಹುದು, ಅದಕ್ಕಿಂತ ಹೆಚ್ಚಲ್ಲ. ದೀಪ, ಹಾರ್ನು, ನಟ್ಟು ಬೋಲ್ಟು. "ಹಿಂದಿನ ಬ್ರೇಕು ನೋಡಿ ಅಮ್ಮಾ, ಪೆಡಲ್ ಒತ್ತಿದ್ರೆ ಒಂದು ಹೆಬ್ಬೆರಳಿನಷ್ಟು ಆಡಬೇಕು. ಜಾಸ್ತಿ ಆಡಿದ್ರೆ ಚಕ್ರದ ಹತ್ರ ಈ ನಟ್ಟು ಬಿಗಿ ಮಾಡಿ. ಆದ್ರೆ..." ಎಂದರು. ಅಷ್ಟರಲ್ಲಿ ನನ್ನ ಬಸ್ಸು ಹಾರ್ನ್ ಹೊಡೆಯಿತು. ಆದ್ರೆ ಏನೆಂದು ಕೇಳದೆ ಓಡಿದೆ. ಮಾರನೆಯ ದಿನದಿಂದ ಬೈಕು ಹೊರಡುವ ಮೊದಲು ಎಂಟು ಅಂಶಗಳ ಪಟ್ಟಿ ಹಿಡಿದು ನಾನೇ ನೋಡತೊಡಗಿದೆ. ಪಟ್ಟಿಯನ್ನು ಶೆಡ್ಡಿನ ಮೊಳೆಗೆ ಸಿಕ್ಕಿಸಿದೆ. ಯಜಮಾನರು ಅದಕ್ಕೆ "ನಮ್ಮ ಬೈಕಿನ ಕೇಸ್ ಶೀಟು" ಎಂದು ಹೆಸರಿಟ್ಟರು.

ಈ ಪಟ್ಟಿಗೆ ಎರಡು ವಾರ ತುಂಬಿರಬೇಕು. ಜೋರು ಮಳೆಯ ಒಂದು ಬೆಳಿಗ್ಗೆ ಕಳಸದ ದಾರಿಯ ಇನ್ನೊಂದು ಎಸ್ಟೇಟಿನ ಲೈನಿನಿಂದ ಗಿರಿಜಾಳ ಗಂಡ ಓಡಿಬಂದ. ಗಿರಿಜಾಳಿಗೆ ಅದು ಮೂರನೆಯ ಹೆರಿಗೆ. ಹಿಂದಿನ ಸಲ ರಕ್ತ ಹೋಗಿ ಹೋಗಿ ಬದುಕಿದ್ದೇ ಹೆಚ್ಚು. ಮೊದಲ ನೋವಿಗೇ ಕರೆಯಿರಿ ಎಂದು ನಾಲ್ಕು ಸಲ ಹೇಳಿ ಬಂದಿದ್ದೆ. ನೋವು ಬಂದು ನಾಲ್ಕು ಗಂಟೆಯಾದ ಮೇಲೆ ಹೇಳಿಕಳಿಸಿದ್ದಾರೆ! ಬಸ್ಸು ಹತ್ತು ಗಂಟೆಗೆ. ಯಜಮಾನರು ಕಾಫಿ ಕುಡಿಯುವಷ್ಟರಲ್ಲಿ ನಾನು ಬ್ಯಾಗು ತುಂಬಿ, ಬೈಕಿನ ಪಟ್ಟಿಯನ್ನೂ ಮುಗಿಸಿದೆ. ನಿನ್ನೆಯವರೆಗೆ ಸರಿಯಿದ್ದ ಹಿಂದಿನ ಬ್ರೇಕಿನ ಪೆಡಲ್ ಅವತ್ತು ಮೂರು ಬೆರಳು ಆಡುತ್ತಿತ್ತು. ಇವರ ಅಸಡ್ಡೆಗೆ ಇದಕ್ಕಿಂತ ಸಾಕ್ಷಿ ಬೇಕೇ? ಸ್ಪ್ಯಾನರ್ ತಂದು, ಸರಿಯಾಗಿ ಒಂದು ಹೆಬ್ಬೆರಳಿಗೆ ಬರುವವರೆಗೆ ಬಿಗಿ ಮಾಡಿದೆ. ಯಜಮಾನರು ಕಾಲಿಗೆ ಗಂಬೂಟು ಏರಿಸಿ ಹೊರಗೆ ಬಂದರು. ನನ್ನನ್ನು ಬಿಟ್ಟು ಹಾಗೇ ತೋಟಕ್ಕೆ ಹೋಗುವವರು. ಹೊರಟೆವು.

ಏರಿನಲ್ಲಿ ಬೈಕು ಎಳೆಯಲಿಲ್ಲ.

"ಏನೋ ಹಿಡ್ಕೊಂಡಂಗಿದೆ ಮಾರಾಯ್ತಿ."

"ಮಾತಾಡ್ಬೇಡಿ, ರಸ್ತೆ ನೋಡಿ."

ಏರು ಮುಗಿದು ಇಳಿಜಾರು ಶುರುವಾದಾಗ ಸುಟ್ಟ ಕೂದಲಿನಂಥ ವಾಸನೆ ಬಂತು. ಎರಡನೆಯ ತಿರುವಿನಲ್ಲಿ ಹಿಂದಿನ ಬ್ರೇಕು ಹಿಡಿಯಲೇ ಇಲ್ಲ. ಯಜಮಾನರು ಗೇರು ಇಳಿಸಿ, ಬೈಕನ್ನು ಗುಡ್ಡದ ಬದಿಯ ಧರೆಯ ಕಡೆಗೆ ಒತ್ತಿ, ಚರಂಡಿಯ ಮಣ್ಣಿನಲ್ಲಿ ಹೂತು ನಿಲ್ಲಿಸಿದರು. ಇನ್ನೊಂದು ಬದಿಯಲ್ಲಿ ಏನಿತ್ತೆಂದು ನಾನು ನೋಡಲಿಲ್ಲ. ಆ ರಸ್ತೆ ಕಂಡವರಿಗೆ ಹೇಳಬೇಕಾಗಿಲ್ಲ. ಆ ಮಳೆಯಲ್ಲೂ ಹಿಂದಿನ ಚಕ್ರದ ನಡುವಿನಿಂದ ಹೊಗೆ ಏಳುತ್ತಿತ್ತು.

ನಾನು ಹೆರಿಗೆ ಬ್ಯಾಗನ್ನು ಎದೆಗೊತ್ತಿಕೊಂಡು ಅಲ್ಲೇ ಶುರು ಮಾಡಿದೆ. ರಿಸರ್ವಿನಿಂದ ಹಿಡಿದು ಅಣಬೆಯವರೆಗೆ ಒಂದನ್ನೂ ಬಿಡಲಿಲ್ಲ. "ಬೈಕು ನೋಡ್ಕೊಳಕ್ಕೆ ಬರದಿದ್ರೆ ಎತ್ತಿನ ಗಾಡಿ ಇಟ್ಕೊಳ್ಳಿ, ಎತ್ತಾದ್ರೂ ತನ್ನ ಜೀವ ತಾನು ನೋಡ್ಕೊಳ್ಳುತ್ತೆ" ಎಂದೂ ಅಂದೆ. ಅವರು ಬಗ್ಗಿ ಚಕ್ರದ ಡ್ರಮ್ಮು ಮುಟ್ಟಿ ಚಟ್ಟನೆ ಕೈ ತೆಗೆದರು. ನಟ್ಟನ್ನು ನೋಡಿದರು. ನನ್ನನ್ನು ಒಂದು ಸಲ ನೋಡಿದರು.

"ಕೆಸರು ಸೇರ್ಕೊಂಡಿರಬೇಕು" ಎಂದರು. "ಇದು ತಣ್ಣಗಾಗೋದು ಕಾಯ್ಬೇಡ. ತೋಟದ ಒಳದಾರಿ ಹಿಡಿದು ನಡಿ. ಅರ್ಧ ಗಂಟೆ."

ನಡೆದೆ ಎನ್ನುವುದಕ್ಕಿಂತ ಜಾರಿದೆ ಎನ್ನುವುದು ಸರಿ. ಎರಡು ಸಲ ಬಿದ್ದೆ. ಕಾಲಿಗೆ ಹತ್ತಿ ರಕ್ತ ಹೀರಿದ ಉಂಬಳಗಳನ್ನು ಎಣಿಸಲಿಲ್ಲ. ಲೈನು ಮುಟ್ಟಿದಾಗ ಮಗುವಿನ ತಲೆ ಕಾಣುತ್ತಿತ್ತು. ಹತ್ತು ನಿಮಿಷದಲ್ಲಿ ಮಗು ಹುಟ್ಟಿತು, ಹೆಣ್ಣು, ಗಟ್ಟಿ ದನಿ. ಆಮೇಲೆ ನಾನು ಹೆದರಿದ್ದೇ ಆಯಿತು, ರಕ್ತ. ಸೂಜಿ ಹಾಕಿ, ಹೊಟ್ಟೆ ನೀವಿ, ಗಡಿಯಾರ ನೋಡುತ್ತ ಕೂತೆ. ನಿಂತಿತು. ನಾನು ಇನ್ನು ಕಾಲು ಗಂಟೆ ತಡವಾಗಿದ್ದರೆ ರಿಜಿಸ್ಟರಿನಲ್ಲಿ ಬೇರೆಯದೇ ಬರೆಯಬೇಕಾಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಯಜಮಾನರು ಬೈಕಿನೊಡನೆ ಬಂದರು. ಬರಿಗಾಲು. ಗಂಬೂಟುಗಳು ಹ್ಯಾಂಡಲಿನಲ್ಲಿ ನೇತಾಡುತ್ತಿದ್ದವು. ಇದೆಂಥ ಅವತಾರ ಎಂದು ಲೈನಿನ ಹೆಂಗಸರೆಲ್ಲರ ಮುಂದೆ ಎರಡನೆಯ ಸುತ್ತು ಬೈದೆ. ಎಲೆಯಡಿಕೆ ಮೆಲ್ಲುತ್ತಿದ್ದ ಗಿರಿಜಾಳ ಅತ್ತೆ, "ಸಿಸ್ಟರಮ್ಮ, ಹೆತ್ತೋಳೇ ಸುಮ್ನೆ ಮಲಗಿದ್ದಾಳೆ, ನೀವ್ಯಾಕೆ ಹಿಂಗೆ ಕೂಗ್ತೀರಿ?" ಎಂದಳು. ಎಲ್ಲರೂ ನಕ್ಕರು. ಯಜಮಾನರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಸಂಜೆ ಮನೆಗೆ ಬಂದು ಪಟ್ಟಿ ಹಿಡಿದು ಬೈಕು ನೋಡಿದರೆ ಪೆಡಲ್ ಮತ್ತೆ ಮೂರು ಬೆರಳು ಆಡುತ್ತಿದೆ! ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಗಂಬೂಟು ಹಿಡಿದು ಬಂದರು.

"ಇದನ್ನ ಹಾಕ್ಕೊಂಡು ಸೀಟಲ್ಲಿ ಕೂತ್ಕೋ."

"ನಾನ್ಯಾಕೆ?"

"ಕೂತ್ಕೋ ಮಾರಾಯ್ತಿ. ಕಾಲು ಓಡಿಸುವಾಗ ಇಡೋ ಹಾಗೆ ಇಡು."

ಬೈಕು ನಡು ಸ್ಟ್ಯಾಂಡಿನ ಮೇಲಿತ್ತು, ಹಿಂದಿನ ಚಕ್ರ ನೆಲ ಬಿಟ್ಟಿತ್ತು. ಕೂತೆ. ಅವರು ಸ್ಪ್ಯಾನರ್ ತೆಗೆದು, ಮನೆಗೆ ಬಂದೊಡನೆ ತಾವೇ ಸಡಿಲಿಸಿದ್ದ ನಟ್ಟನ್ನು ನನ್ನ ಅಳತೆಗೆ ಸರಿಯಾಗಿ ಒಂದು ಹೆಬ್ಬೆರಳಿಗೆ ಬಿಗಿ ಮಾಡಿದರು. ಆಮೇಲೆ ಕೈಯಿಂದ ಚಕ್ರ ತಿರುಗಿಸಲು ನೋಡಿದರು. ಚಕ್ರ ತಿರುಗಲಿಲ್ಲ.

"ಬ್ರೇಕ್ ಬಿಡು" ಎಂದರು.

"ನಾನು ಒತ್ತೇ ಇಲ್ಲ!"

ಒತ್ತಿರಲಿಲ್ಲ, ನಿಜ. ಎರಡು ಬೆರಳು ದಪ್ಪದ ಅಟ್ಟೆಯ ಆ ಭಾರದ ರಬ್ಬರ್ ಬೂಟು ತಾನೇ ಪೆಡಲಿನ ಮೇಲೆ ಕೂತಿತ್ತು. ಆ ಬೆಳಿಗ್ಗೆ ಏರನ್ನೆಲ್ಲ ನಾವು ಬ್ರೇಕು ಒತ್ತಿಕೊಂಡೇ ಹತ್ತಿದ್ದೆವು; ಹಾಗೆ ಕಾದು ಹೋದ ಬ್ರೇಕು ಇಳಿಜಾರಿನಲ್ಲಿ ಕೈಕೊಟ್ಟಿತ್ತು. ಮಳೆ ಹಿಡಿದು ಬೂಟು ಹೊರತೆಗೆದ ಹಿಂದಿನ ರಾತ್ರಿ ಅವರು ನಟ್ಟು ಸಡಿಲ ಬಿಟ್ಟದ್ದು ಅಸಡ್ಡೆಯಿಂದಲ್ಲ, ಬೂಟಿನ ಲೆಕ್ಕಕ್ಕೆ; ಮಧ್ಯಾಹ್ನ ಬರಿಗಾಲಲ್ಲಿ ಓಡಿಸಿಕೊಂಡು ಬಂದದ್ದೂ ಅದಕ್ಕೇ. ಹಮೀದ್ ಸಾಬರ ಆ "ಆದ್ರೆ" ಇದೇ ಇರಬೇಕು.

"ರಸ್ತೆಯಲ್ಲೇ ಹೇಳ್ಬಾರದಿತ್ತಾ? ಕೆಸರು ಅಂತ ಯಾಕೆ ಅಂದ್ರಿ?"

"ಅಲ್ಲಿ ಹೇಳಿದ್ರೆ ನೀನು ವಾದ ಮಾಡ್ತಾ ನಿಲ್ತಿದ್ದೆ. ಗಿರಿಜಾ ಅಲ್ಲಿ ಒದ್ದಾಡ್ತಿದ್ಲು."

ನಿಲ್ಲುತ್ತಿದ್ದೆ. ಕಾಲು ಗಂಟೆಗೆ ಕಡಿಮೆಯಿಲ್ಲದೆ ನಿಲ್ಲುತ್ತಿದ್ದೆ. ಅವರು ತಿರುಗಿ ಬೈದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಬೈಯಲಿಲ್ಲ, ತೋಟದಿಂದ ತಂದಿದ್ದ ಅಣಬೆ ಹುರಿಯಲು ಎಣ್ಣೆ ಎಲ್ಲಿದೆ ಎಂದು ಕೇಳಿದರು. ನಾನು ಪಟ್ಟಿಯನ್ನು ಮೊಳೆಯಿಂದ ತೆಗೆದು, ಎಲ್ಲಕ್ಕಿಂತ ಮೇಲೆ, ಇದ್ದಷ್ಟು ಜಾಗದಲ್ಲಿ ಬರೆದೆ: ಓಡಿಸುವವರ ಕಾಲಿನಲ್ಲಿ ಏನಿದೆ?

ಇಷ್ಟಾದ ಮೇಲೆ ಯಜಮಾನರೂ ತಿದ್ದಿಕೊಂಡರು ಎಂದು ನೀವು ಭಾವಿಸಬೇಡಿ. ಅದೇ ತಿಂಗಳು ಚಿಕ್ಕಮಗಳೂರಿಗೆ ಮದುವೆಗೆ ಹೋಗುವಾಗ ರಿಸರ್ವೂ ಮುಗಿದು, ರೇಷ್ಮೆ ಸೀರೆಯುಟ್ಟು ನಾನು ಬೈಕು ತಳ್ಳಿದ್ದೇನೆ.

ಈಗ ಸುಧಾಳ ಬೈಕು. ಟಯರು, ಚೈನು, ದೀಪ ನೋಡಿದೆ. ಹಿಂದಿನ ಪೆಡಲ್ ಒತ್ತಿದೆ. ಮೂರು ಬೆರಳು. ಕೈ ತಾನಾಗಿ ಸ್ಪ್ಯಾನರಿನ ಕಡೆಗೆ ಹೋಯಿತು. ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಯಜಮಾನರು ಗಂಟಲು ಸರಿಮಾಡಿಕೊಂಡರು.

"ಏನು?"

"ನಾನೇನೂ ಹೇಳ್ಲಿಲ್ಲಪ್ಪ."

ಸುಧಾಳ ಕಾಲಲ್ಲಿ ತೆಳ್ಳಗಿನ ಚಪ್ಪಲಿ. ಹೊಸ ಗಂಬೂಟುಗಳು ಹಿಂದಿನ ಕ್ಯಾರಿಯರಿನಲ್ಲಿ ಕಟ್ಟಿದ್ದವು.

"ಬೂಟು ಎಲ್ಲಿ ಹಾಕ್ಕೊಳ್ತೀಯ?"

"ತೋಟದ ಗೇಟ್ ಹತ್ರ."

"ಇಲ್ಲೇ ಹಾಕ್ಕೋ. ಚಪ್ಪಲಿಗೊಂದು, ಬೂಟಿಗೊಂದು ಬ್ರೇಕು ಇರಲ್ಲ."

"ಪೇಟೆಯವರೆಲ್ಲ ನಗ್ತಾರೆ ದೊಡ್ಡಮ್ಮ!"

"ನಗಲಿ. ಕೂತ್ಕೋ."

ಬೂಟು ಹಾಕಿಸಿ, ನಡು ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಯಜಮಾನರು ಲೋಟ ಕೆಳಗಿಟ್ಟು ಬಂದು ಚಕ್ರ ತಿರುಗಿಸಿದರು. ಸರಾಗವಾಗಿ ತಿರುಗಿತು. ನಟ್ಟು ಅರ್ಧ ಸುತ್ತು ಬಿಗಿ ಮಾಡಿದೆ; ಆಗಲೂ ತಿರುಗಿತು, ಒತ್ತಿದರೆ ನಿಂತಿತು. ಅಲ್ಲಿಗೇ ಬಿಟ್ಟೆ. ಕೊನೆಗೆ ಪೆಟ್ರೋಲಿನ ನಲ್ಲಿ ನೋಡಿದರೆ, ರಿಸರ್ವ್!

"ಇದನ್ನ ಯಾರು ಹೀಗಿಟ್ಟದ್ದು?"

"ನಿನ್ನೆ ದೊಡ್ಡಪ್ಪ ಒಂದು ರೌಂಡ್ ಹೋಗಿದ್ರು" ಎಂದಳು ಸುಧಾ. ದೊಡ್ಡಪ್ಪ ಆಗಲೇ ಲೋಟ ತೊಳೆಯಲು ಒಳಗೆ ಹೋಗಿದ್ದರು. ಮದುವೆಯಾದ ಲಾಗಾಯ್ತು ಅವರು ಲೋಟ ತೊಳೆದದ್ದು ಅದೇ ಮೊದಲು.

ಸಂಜೆ ಆರೂ ಕಾಲಿಗೆ ಸುಧಾ ಬಂದಳು. ಮಂಡಿಯವರೆಗೆ ಕೆಸರು, ಕೈಯಲ್ಲಿ ಯಾರೋ ಕೊಟ್ಟ ಕಿತ್ತಳೆ ಚೀಲ. ನಾನು ಅಂಗಳಕ್ಕಿಳಿಯುವಷ್ಟರಲ್ಲಿ ಯಜಮಾನರು ಬಗ್ಗಿ ಹಿಂದಿನ ಡ್ರಮ್ಮಿಗೆ ಅಂಗೈ ಇಟ್ಟಿದ್ದರು. "ಬಿಸಿ ಇಲ್ಲ" ಎಂದರು. ಅವರ ಮಾತು ನಂಬಬಹುದಿತ್ತು. ಆದರೂ ಅವರ ಕೈ ಪಕ್ಕಕ್ಕೆ ಸರಿಸಿ ನಾನೂ ಇಟ್ಟು ನೋಡಿದೆ. ಬಿಸಿ ಇರಲಿಲ್ಲ. ಸ್ಪ್ಯಾನರುಗಳನ್ನು ಒರೆಸಿ, ಎಣಿಸಿ, ಟ್ರೇಯಲ್ಲಿಟ್ಟು ಬಟ್ಟೆ ಮುಚ್ಚಿದೆ.